ತಲೆ ಬಗ್ಗಿಸಿ ಹತ್ತಬೇಕಾದ ಮೆಟ್ಟಿಲು

ನಮ್ಮವರ ಹಣೆ ನಿಂಬೆಹಣ್ಣಿನಷ್ಟು ಊದಿದೆ. ಬಟ್ಟೆಯಲ್ಲಿ ಐಸ್ ಸುತ್ತಿ ಒತ್ತಿಕೊಂಡು ಕೂತಿದ್ದಾರೆ. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಖಾರ ಜಾಸ್ತಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೆಳಿಗ್ಗೆ ದೊಡ್ಡಮ್ಮನ ಮಗ ಕಟ್ಟಿಸುತ್ತಿರುವ ಮನೆ ನೋಡಲು ಹೋಗಿದ್ದೆವು. ಮೈಸೂರಿನ ರಿಂಗ್ ರೋಡ್ ಆಚೆ, 30×40 ಸೈಟು. ಮೊದಲನೇ ಮೋಲ್ಡ್ (ಕಾಂಕ್ರೀಟ್ ಚಾವಣಿ) ಆಗಿದೆ, ಮೆಟ್ಟಿಲೂ ಆಗಿದೆ. "ಬನ್ನಿ ಭಾವ, ಮೇಲೆ ಗಾಳಿ ಚೆನ್ನಾಗಿದೆ" ಅಂತ ಅವನು ಮುಂದೆ ಹೋದ. ಇವರು ಹಿಂದೆ ಹೋದರು. ಅರ್ಧ ಹತ್ತುವಷ್ಟರಲ್ಲಿ ಠಪ್! ಬೀಮು.

ಮೇಸ್ತ್ರಿ ಕೈಯಲ್ಲಿದ್ದ ಟೇಪು ಇಸಿದುಕೊಂಡು ನಾನೇ ಅಳೆದೆ. ಮೆಟ್ಟಿಲಿನಿಂದ ಬೀಮಿನ ತಳಕ್ಕೆ ಐದಡಿ ಎಂಟಿಂಚು. ಇರಬೇಕಾದದ್ದು ಏಳಡಿಯ ಹತ್ತಿರ. ಕಾಂಟ್ರಾಕ್ಟರ್ ಅಲ್ಲೇ ಇದ್ದರು. ಏನು ಹೇಳಿದರು ಗೊತ್ತಾ? "ಸ್ವಲ್ಪ ತಲೆ ಬಗ್ಗಿಸಿ ಹತ್ಬೇಕು ಸಾರ್. ಹಳೇ ಮನೆ ಬಾಗಿಲೆಲ್ಲಾ ಹಂಗೇ ಅಲ್ವಾ? ತಲೆ ಬಗ್ಗಿಸಿದ್ರೆ ಲಕ್ಷ್ಮಿ ಬರ್ತಾಳೆ."

ಲಕ್ಷ್ಮಿಯ ಎತ್ತರ ಎಷ್ಟಂತ ಇವರಿಗೆ ಯಾರು ಹೇಳಿದರೋ.

"ಪ್ಲಾನ್ ಯಾರು ಹಾಕಿದ್ದು ಕಣೋ?" ಅಂತ ಕೇಳಿದೆ. "ಕಾಂಟ್ರಾಕ್ಟರೇ ಹಾಕಿಕೊಟ್ರು ಅಕ್ಕ. ಫ್ರೀ!" ಅಂದ. ಆ ಫ್ರೀ ಅನ್ನುವಾಗ ಅವನ ಮುಖದಲ್ಲಿದ್ದ ಬೆಳಕು ನೋಡಬೇಕಿತ್ತು ನೀವು.

ಮೆಟ್ಟಿಲಿನ ಲೆಕ್ಕ ದೊಡ್ಡ ರಹಸ್ಯವೇನಲ್ಲ. ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ ಅಂದರೆ 126 ಇಂಚು. ಒಂದು ಮೆಟ್ಟಿಲ ಎತ್ತರ ಏಳಿಂಚು ಇಟ್ಟರೆ 18 ಸಲ ಕಾಲೆತ್ತಬೇಕು. ಕಾಲಿಡುವ ಜಾಗ ಹತ್ತಿಂಚಾದರೂ ಬೇಕು. ಅಷ್ಟು ಹತ್ತುವವನ ತಲೆಯ ಮೇಲೆ ಮೋಲ್ಡ್‌ನಲ್ಲಿ ಎಷ್ಟು ಉದ್ದ ತೆರೆದಿಡಬೇಕು ಅನ್ನುವುದು ಕಾಗದದ ಮೇಲೆ ಹತ್ತು ನಿಮಿಷದ ಕೆಲಸ. ಈಗ ಅದೇ ಬೀಮು ಒಡೆಯಬೇಕು ಅಂದರೆ ಕಂಬಿ, ಕಾಂಕ್ರೀಟು, ಮತ್ತೆ ಸೆಂಟ್ರಿಂಗು, ಸಾಲದ್ದಕ್ಕೆ ಎಂಜಿನಿಯರ್ ಬಂದು ನೋಡಿ ಒಪ್ಪಬೇಕು. ರಬ್ಬರಿನಲ್ಲಿ ಅಳಿಸಬಹುದಾಗಿದ್ದನ್ನು ಡ್ರಿಲ್ಲಿಂಗ್ ಮಷಿನ್ನಿನಲ್ಲಿ ಅಳಿಸುವುದು. ಇದಕ್ಕೆ ಫ್ರೀ ಅಂತ ಹೆಸರು.

ನಾನೇನು ಸಾಚಾ ಅಲ್ಲ. 2008ರಲ್ಲಿ ನಾವು ಕಟ್ಟಿದ ಮನೆಯದ್ದೂ ಫ್ರೀ ಪ್ಲಾನೇ. ನಮ್ಮ ಮನೆಗೆ ಬಂದವರಿಗೆಲ್ಲ ಗೊತ್ತಿದೆ, ಅಡುಗೆ ಮನೆ ಕಿಟಕಿ ತೆರೆದರೆ ಪಕ್ಕದವರ ಬಚ್ಚಲು. ಇಷ್ಟು ವರ್ಷದಿಂದ ಅವರು ಯಾವ ಸೋಪು ಹಾಕುತ್ತಾರೆ ಅಂತ ನನಗೆ ಗೊತ್ತು, ನಾವು ಯಾವ ಸಾರಿಗೆ ಒಗ್ಗರಣೆ ಹಾಕಿದೆವು ಅಂತ ಅವರಿಗೆ ಗೊತ್ತು. ಹಾಲ್‌ನಲ್ಲಿ ಬೆಳಿಗ್ಗೆ ಹನ್ನೊಂದಕ್ಕೂ ಲೈಟ್ ಹಾಕಬೇಕು. ಅವತ್ತು ಯಾರೋ ಆರ್ಕಿಟೆಕ್ಟ್ ಹೆಸರು ಹೇಳಿದಾಗ "ನಾಲ್ಕು ಗೆರೆ ಎಳೆಯೋಕೆ ಅಷ್ಟು ದುಡ್ಡಾ?" ಅಂದವಳು ನಾನೇ.

ಬುದ್ಧಿ ಬಂದಿದ್ದು 2019ರಲ್ಲಿ, ಅಮ್ಮನ ಮನೆ ಕೆಡವಿ ಕಟ್ಟುವಾಗ. ತಮ್ಮ ಹಟ ಹಿಡಿದು ಒಬ್ಬ ಆರ್ಕಿಟೆಕ್ಟ್ ಹತ್ತಿರ ಕರೆದುಕೊಂಡು ಹೋದ. ಚಿಕ್ಕ ಆಫೀಸು, ಚಿಕ್ಕ ವಯಸ್ಸಿನ ಹುಡುಗಿ. ಮೊದಲ ದಿನ ಆಕೆ ಪೆನ್ಸಿಲ್ಲೇ ಮುಟ್ಟಲಿಲ್ಲ. ಎರಡು ಗಂಟೆ ಬರೀ ಪ್ರಶ್ನೆ. ಅಮ್ಮ ತರಕಾರಿ ಹೆಚ್ಚುವುದು ನೆಲದ ಮೇಲೆ ಕೂತಾ, ನಿಂತಾ? ಯಾವ ಮಂಡಿ ನೋವು? ಮಧ್ಯಾಹ್ನ ಮಲಗುತ್ತಾರಾ? ಹೂವಿನವಳು ಬಂದರೆ ಗೇಟಿನಲ್ಲಿ ನಿಂತು ಮಾತಾಡುತ್ತಾರಾ, ಒಳಗೆ ಕರೆಯುತ್ತಾರಾ? ಹಬ್ಬಕ್ಕೆ ಎಷ್ಟು ಜನ ಉಳಿಯುತ್ತೀರಿ? ನನಗೆ ಒಳಗೊಳಗೇ ನಗು, ಇವಳೇನು ಮನೆ ಕಟ್ಟುತ್ತಾಳೋ, ಅಮ್ಮನ ಜೀವನಚರಿತ್ರೆ ಬರೆಯುತ್ತಾಳೋ ಅಂತ. ಆಮೇಲೆ ಒಂದು ದಿನ ಬೆಳಿಗ್ಗೆ ಏಳಕ್ಕೆ, ಇನ್ನೊಂದು ದಿನ ಸಂಜೆ ನಾಲ್ಕಕ್ಕೆ ಸೈಟಿಗೆ ಬಂದಳು. ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡಲು.

ಬಜೆಟ್ ಎಷ್ಟು ಅಂದಳು. ಕೈಯಲ್ಲಿದ್ದದ್ದು 38 ಲಕ್ಷ. ನಾನು 30 ಅಂದೆ. ನಿಜ ಹೇಳಿದರೆ ಅಷ್ಟನ್ನೂ ಖರ್ಚು ಮಾಡಿಸುತ್ತಾಳೆ ಅಂತ ಭಯ. ಪಾಪ, ಆಕೆ 30 ಲಕ್ಷಕ್ಕೆ ಸರಿಯಾಗಿ ಮೇಲಿನ ರೂಮು ಬಿಟ್ಟು ಪ್ಲಾನ್ ಮಾಡಿದಳು. ಅದು ನೋಡಿ ತಮ್ಮನಿಗೆ ಬೇಜಾರು, "ಇಷ್ಟೇನಾ?" ಅಂದ. ಕೊನೆಗೆ ನಾಚಿಕೆ ಬಿಟ್ಟು ನಿಜ ಹೇಳಿದೆ. ಒಂದು ತಿಂಗಳು ದಂಡ. ಡಾಕ್ಟರ್ ಹತ್ತಿರ ಶುಗರ್ ಮುಚ್ಚಿಟ್ಟ ಹಾಗೆ ಆಯಿತು ನನ್ನ ಜಾಣತನ.

ವಾಸ್ತುವಿನ ಜಗಳ ನಡೆಯಲಿಲ್ಲ. ಯಾಕೆಂದರೆ ಆಕೆಯೇ ಮೊದಲು ಕೇಳಿದಳು, "ನಿಮ್ಮಲ್ಲಿ ಯಾರಿಗಾದರೂ ತೋರಿಸುವ ಪದ್ಧತಿ ಇದ್ದರೆ ಈಗಲೇ ತೋರಿಸಿ ಬನ್ನಿ, ಗೋಡೆ ಎದ್ದ ಮೇಲೆ ಬೇಡ" ಅಂತ. ಅಡುಗೆ ಮನೆ ಆಗ್ನೇಯಕ್ಕೆ, ದೇವರ ಮನೆ ಈಶಾನ್ಯಕ್ಕೆ, ಮುಗಿಯಿತು. ಮೂರನೇ ಪ್ಲಾನಿಗೆ ಅಮ್ಮ ಒಪ್ಪಿದರು. ಮೊದಲೆರಡರಲ್ಲಿ ತುಳಸಿಕಟ್ಟೆಗೆ ಬಿಸಿಲಿರಲಿಲ್ಲ.

ದೊಡ್ಡಮ್ಮನ ಮಗನಂಥವರಿಗೆ ಗೊತ್ತಿರುವುದು ಒಂದೇ ಪ್ಲಾನು, ಮನೆ ಕಟ್ಟುವ ಲೈಸೆನ್ಸಿಗೆ ಕೊಡುವುದು. ಅದರಲ್ಲಿ ಸುತ್ತ ಎಷ್ಟು ಜಾಗ ಬಿಟ್ಟಿದ್ದೀರಿ, ಎಷ್ಟು ಅಂತಸ್ತು, ರೂಮು ಎಷ್ಟು ದೊಡ್ಡದು ಅಂತ ಇರುತ್ತದೆ, ಅಷ್ಟೇ. ಅದನ್ನು ಹಿಡಿದುಕೊಂಡು ಮನೆ ಕಟ್ಟುವುದು ಅಂದರೆ ಲಗ್ನಪತ್ರಿಕೆ ಹಿಡಿದುಕೊಂಡು ಮದುವೆ ಅಡುಗೆ ಮಾಡಿದ ಹಾಗೆ. ಕೆಲಸದವರಿಗೆ ಬೇಕಾದದ್ದು ಬೇರೆ. ಬಚ್ಚಲ ನೆಲ ಯಾವ ಕಡೆ ಇಳಿಜಾರು, ಬಾಗಿಲು ಯಾವ ಕಡೆ ತೆರೆಯುತ್ತದೆ, ಮಂಚದ ಪಕ್ಕ ಸ್ವಿಚ್ಚು ಎಷ್ಟು ಎತ್ತರದಲ್ಲಿ, ಸಜ್ಜಾ ಎಷ್ಟು ಮುಂದೆ. ಅಮ್ಮನ ಮನೆಗೆ ಅಂಥ ಇಪ್ಪತ್ತಕ್ಕೂ ಹೆಚ್ಚು ಹಾಳೆ. ಕಂಬಿ ಲೆಕ್ಕಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬೇರೆ, ಅವರು ಮಣ್ಣು ಅಗೆಸಿ ನೋಡಿಯೇ ಫುಟಿಂಗ್, ಅಂದರೆ ಪಾಯದ ತಳ, ಹೇಗಿರಬೇಕು ಅಂತ ಹೇಳಿದರು.

ನನಗೆ ಕಣ್ಣು ತೆರೆಸಿದ್ದು ಕಾಂಟ್ರಾಕ್ಟರ್ ಹುಡುಕುವಾಗ. ನಾವೆಲ್ಲ ಏನು ಮಾಡುತ್ತೇವೆ? "ಚದರಕ್ಕೆ ಎಷ್ಟು?" ಅಂತ ಕೇಳುತ್ತೇವೆ. ಚದರ ಅಂದರೆ ನೂರು ಚದರಡಿ. ಒಬ್ಬ ಎರಡು ಲಕ್ಷ ಅಂದರೆ ಇನ್ನೊಬ್ಬ ಒಂದು ಲಕ್ಷ ಎಂಬತ್ತು ಸಾವಿರ ಅನ್ನುತ್ತಾನೆ, ಕಡಿಮೆ ಅಂದವನಿಗೆ ಕೈ ಕೊಡುತ್ತೇವೆ. ಆ ಚದರದಲ್ಲಿ ಸಂಪು ಸೇರಿದೆಯಾ? ಕಾಂಪೌಂಡು? ಬಾಲ್ಕನಿ ಪೂರಾ ಲೆಕ್ಕವಾ, ಅರ್ಧವಾ? ಯಾರೂ ಕೇಳುವುದಿಲ್ಲ. ಗೋಡೆ ಬಾಗಿಲು-ಕಿಟಕಿಯ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದ ಮೇಲೆ "ಸಾರ್, ಅದು ಎಕ್ಸ್‌ಟ್ರಾ" ಶುರು. ನನ್ನ ಪ್ರಕಾರ ಕನ್ನಡದಲ್ಲಿ ಅತಿ ದುಬಾರಿ ಪದ ಇದೇ.

ನಮ್ಮ ಆರ್ಕಿಟೆಕ್ಟ್ ಮಾಡಿದ್ದು ಬೇರೆ. ಅಗೆತದಿಂದ ಬಣ್ಣದವರೆಗೆ ಒಂದೊಂದು ಕೆಲಸಕ್ಕೂ ಎಷ್ಟು ಘನ ಅಡಿ, ಎಷ್ಟು ಕಿಲೋ, ಯಾವ ಗುಣಮಟ್ಟ ಅಂತ ಪಟ್ಟಿ ಮಾಡಿದಳು. ಬಿಒಕ್ಯು (ಬಿಲ್ ಆಫ್ ಕ್ವಾಂಟಿಟೀಸ್) ಅಂತಾರೆ ಅದಕ್ಕೆ. ಅದೇ ಪಟ್ಟಿ ಮೂವರು ಕಾಂಟ್ರಾಕ್ಟರಿಗೂ ಹೋಯಿತು. ರೇಟು ಬಂದಿದ್ದು 31, 34, 39 ಲಕ್ಷ. ನಾನು 31ಕ್ಕೆ ಹಾರಿದೆ, ಹಳೇ ಚಾಳಿ. ಆಕೆ ಹಾಳೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ಟೆರೇಸಿನ ವಾಟರ್‌ಪ್ರೂಫಿಂಗ್ ಎದುರು ಜಾಗ ಖಾಲಿ. ಕಂಬಿಯ ರೇಟು ಅವತ್ತಿನ ಅಂಗಡಿ ರೇಟಿಗಿಂತ ಕಡಿಮೆ. "ಇವರು ಧರ್ಮಕ್ಕೆ ಕಟ್ಟುತ್ತಿಲ್ಲ ಅಲ್ವಾ ಮೇಡಂ, ಇದನ್ನು ಎಲ್ಲಿ ತುಂಬಿಸಿಕೊಳ್ಳುತ್ತಾರೆ?" ಅಂದಳು. ಮಧ್ಯದವರು ಎರಡು ವರ್ಷದ ಹಿಂದೆ ಕಟ್ಟಿದ ಮನೆಗೆ ನಮ್ಮನ್ನು ಕರೆದುಕೊಂಡು ಹೋಗಿ, ಮಳೆಗಾಲದಲ್ಲಿ ಎಲ್ಲಿ ಸೋರಿತು ಅಂತ ಆ ಮನೆಯವರನ್ನೇ ಕೇಳಿಸಿದಳು. ಅವರಿಗೇ ಕೊಟ್ಟೆವು. ಹಣ ಹಂತಹಂತಕ್ಕೆ, ಮತ್ತೆ ನೂರಕ್ಕೆ ಐದು ರೂಪಾಯಿ ಒಂದು ಮಳೆಗಾಲ ಮುಗಿಯುವವರೆಗೆ ನಮ್ಮ ಕೈಯಲ್ಲೇ.

ಈಗ ಬರುತ್ತದೆ ನೋಡಿ ಆ ಮಾತು. "ನಮ್ಮಜ್ಜ ತೊಟ್ಟಿ ಮನೆ ಕಟ್ಟಿಸಿದಾಗ ಯಾವ ಆರ್ಕಿಟೆಕ್ಟ್ ಇದ್ದ?" ಇವತ್ತು ದೊಡ್ಡಮ್ಮನೂ ಇದನ್ನೇ ಅಂದರು. ಒಪ್ಪುತ್ತೇನೆ ದೊಡ್ಡಮ್ಮ, ಅಜ್ಜನ ಮನೆ ಚಂದವೇ. ಆದರೆ ಅದನ್ನು ಕಟ್ಟಿದ ಮೇಸ್ತ್ರಿಯ ಅಪ್ಪ, ಅಜ್ಜ ಕಟ್ಟಿದ್ದೂ ಅಂಥದ್ದೇ ಮನೆ. ಅವರ ತಲೆಯಲ್ಲಿ ಆ ಒಂದು ಮನೆ ಪೂರ್ತಿ ಇತ್ತು. ಸುತ್ತ ಜಾಗ ಬೇಕಾದಷ್ಟು, ಬಚ್ಚಲು ಹಿತ್ತಿಲಲ್ಲಿ, ಕರೆಂಟೇ ಇಲ್ಲ. ಅದೇ ಅಜ್ಜನಿಗೆ 30×40 ಸೈಟು ಕೊಟ್ಟು ಮೂರು ಬೆಡ್‌ರೂಮು, ಮೂರು ಟಾಯ್ಲೆಟ್, ಕಾರಿಗೆ ಜಾಗ, ಬಾಡಿಗೆಗೆ ಒಂದು ಪೋರ್ಷನ್ ಅಂದಿದ್ದರೆ ಕಾಶಿಗೆ ಹೊರಟುಬಿಡುತ್ತಿದ್ದ.

ಇನ್ನು, ಆರ್ಕಿಟೆಕ್ಟ್‌ಗಳೆಲ್ಲ ದೇವರಾ? ಅಲ್ಲ. ಪಶ್ಚಿಮದ ಬಿಸಿಲಿಗೆ ಗಾಜು ಹಾಕಿ ಒಳಗೆ ಇಡ್ಲಿ ಬೇಯುವಷ್ಟು ಶೆಕೆ ಮಾಡಿಟ್ಟವರನ್ನೂ ನೋಡಿದ್ದೇನೆ. ಆದರೆ ಆರ್ಕಿಟೆಕ್ಟ್ ಅಂದರೆ ಖರ್ಚು ಅನ್ನುವವರು ಒಮ್ಮೆ ತಿರುವನಂತಪುರದಲ್ಲಿ, ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ಲಾರಿ ಬೇಕರ್ ಕಟ್ಟಿದ ಮನೆಗಳನ್ನು ನೋಡಲಿ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಮಧ್ಯೆ ಟೊಳ್ಳು ಬಿಡುವ ರ್ಯಾಟ್ ಟ್ರ್ಯಾಪ್ ಗೋಡೆಯಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪು. ಅದನ್ನು ನಮ್ಮಲ್ಲಿ ಅಷ್ಟು ಜೋರಾಗಿ ಸಾರಿದ ಮನುಷ್ಯ ಆರ್ಕಿಟೆಕ್ಟೇ.

ಬೀದಿ ಬೀದಿಯ 'ಆರ್ಕಿಟೆಕ್ಟ್ಸ್ ಅಂಡ್ ಬಿಲ್ಡರ್ಸ್' ಬೋರ್ಡ್ ನೋಡಿ ಮೋಸ ಹೋಗಬೇಡಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳಬಹುದು. ಅವರ ನಂಬರು 'ಸಿಎ' ಅಂತ ಶುರುವಾಗುತ್ತದೆ, ಕೇಳಿ. ಬೇರೆಯವರು ಮನೆ ಡಿಸೈನ್ ಮಾಡಲೇಬಾರದು ಅಂತಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಹೇಳಿದೆ. ಆ ಹೆಸರು ಮಾತ್ರ ಹಾಕಿಕೊಳ್ಳುವ ಹಾಗಿಲ್ಲ.

ಫೀಸು ಎಷ್ಟು ಕೊಟ್ಟೆ ಅಂತ ಕಾಮೆಂಟಿನಲ್ಲಿ ಕೇಳುತ್ತೀರಿ, ಗೊತ್ತು. ಮನೆಯ ಒಟ್ಟು ಖರ್ಚಿನಲ್ಲಿ ನೂರಕ್ಕೆ ಆರು. ಒಟ್ಟು ಎರಡೂಕಾಲು ಲಕ್ಷದ ಹತ್ತಿರ. ಅದಕ್ಕೆ ನಾನು ಮೂರು ದಿನ ಚೌಕಾಸಿ ಮಾಡಿದ್ದೆ. ಅದೇ ಮನೆಯ ಅಡುಗೆ ಮನೆ ಕಬೋರ್ಡಿಗೆ ಮೂರು ಲಕ್ಷ ತುಟಿಪಿಟಕ್ ಅನ್ನದೆ ಕೊಟ್ಟೆ. ಕಬೋರ್ಡು ಕೈಗೆ ಸಿಗುತ್ತದೆ, ಬೀಳದೆ ಹೋದ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ಅಲ್ವಾ? ಇವತ್ತು ನಮ್ಮವರಿಗೆ ಕಂಡಿತು.

ಇದನ್ನು ಬರೆಯುತ್ತಿರುವಾಗಲೇ ದೊಡ್ಡಮ್ಮನ ಮಗನ ಮೆಸೇಜು. "ಅಕ್ಕ, ಭಾವಂಗೆ ಈಗ ಹೆಂಗಿದೆ? ಬೀಮಿಗೆ ಸ್ಪಾಂಜ್ ಸುತ್ತಿ ಲೆದರ್ ಹೊದಿಸ್ತಾರಂತೆ, ಕಾಂಟ್ರಾಕ್ಟರ್ ಹೇಳಿದ್ರು. ಆಮೇಲೆ ನಿನ್ನ ಆ ಆರ್ಕಿಟೆಕ್ಟ್ ನಂಬರ್ ಕಳ್ಸು. ಎಲಿವೇಶನ್, ಅಂದ್ರೆ ಮುಂಭಾಗದ ಡಿಸೈನ್, ಮಾತ್ರ ಮಾಡಿಸೋಣ ಅಂತ. ನಿನ್ನ ಹೆಸರು ಹೇಳಿದ್ರೆ ಫ್ರೀಯಾಗಿ ಮಾಡ್ಕೊಡ್ತಾರಾ?"

ಇವರಿಗೆ ಓದಿ ಹೇಳಿದೆ. ಐಸ್ ಬಟ್ಟೆ ತೆಗೆದು, "ಆ ಸ್ಪಾಂಜು ಎಕ್ಸ್‌ಟ್ರಾನಾ ಕೇಳು" ಅಂದರು.