ಮಲೆನಾಡಿನ ಮನೆಗೆ ನೆಲಮಾಳಿಗೆ ಏಕೆ ಬೇಡ

ಪುಷ್ಯ ಮಳೆ ಬಿಡದೆ ಸುರಿಯುತ್ತಿರುವ ಈ ದಿನಗಳಲ್ಲಿ ತೀರ್ಥಹಳ್ಳಿ ಕಡೆಯ ನೆಂಟರೊಬ್ಬರ ಹೊಸ ಮನೆಗೆ ಹೋಗಿ ಬಂದೆ. ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಗುಡ್ಡದ ಮಗ್ಗುಲನ್ನು ಕಡಿದು, ಅಂಗಳದಿಂದ ಹತ್ತು ಅಡಿ ಕೆಳಗೆ ಕಟ್ಟಿಸಿದ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಕರೆಂಟ್ ಇರಲಿಲ್ಲವಾದ್ದರಿಂದ ಡೀಸೆಲ್ ಪಂಪು ಹಚ್ಚಿದ್ದರು. ಅದು ಹೊರಗೆ ಎಷ್ಟು ಚೆಲ್ಲುತ್ತಿತ್ತೋ ಅಷ್ಟೇ ನೀರು ಗೋಡೆಯ ಬುಡದಿಂದ ಒಸರುತ್ತಿತ್ತು. ಮನೆಯ ಯಜಮಾನರು ನನಗೆ ಭಾವನಾಗಬೇಕು. ಅವರು ಹೇಳಿದ್ದಿಷ್ಟು: "ಚಿಕಾಗೋದಲ್ಲಿ ಮಗನ ಮನೆಯಲ್ಲೂ ಇದೆ ಮಾರಾಯ, ಅಲ್ಲಿ ನೆಲ ಒಣಗಿಕೊಂಡೇ ಇರುತ್ತದೆ. ಇಲ್ಲಿ ಮೇಸ್ತ್ರಿ ಕೆಲಸ ಕೆಡಿಸಿದ."

ಮೇಸ್ತ್ರಿಯ ಮೇಲೆ ಹೊರಿಸಿದ ಆ ತಪ್ಪಿಗೇ ನನ್ನ ತಕರಾರು. ಕೆಟ್ಟದ್ದು ಕೆಲಸವಲ್ಲ, ಆ ನೆಲವನ್ನು ಯಾರೂ ಕೇಳದೆ ಹೋದದ್ದು. ನಕ್ಷೆ ಬರೆದವರು ಕೇಳಲಿಲ್ಲ, ಬರೆಸಿದವರೂ ಕೇಳಲಿಲ್ಲ.

ಚಿಕಾಗೋದ ಮನೆಗೆ ನೆಲಮಾಳಿಗೆ ಬಂದದ್ದು ಸಿರಿವಂತಿಕೆಯಿಂದಲ್ಲ, ಚಳಿಯಿಂದ. ಅಲ್ಲಿ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಾಗುವಾಗ ನೀರು ಶೇಕಡಾ 9ರಷ್ಟು ಹಿಗ್ಗುವುದಲ್ಲದೆ, ಕೆಳಗಿನ ತೇವವನ್ನೂ ಮೇಲಕ್ಕೆ ಸೆಳೆದುಕೊಂಡು ಪದರ ಪದರವಾಗಿ ದಪ್ಪಗಾಗುತ್ತದೆ. ಅದರ ಮೇಲೆ ತಳಪಾಯ ಕೂತಿದ್ದರೆ ಮನೆಯನ್ನೇ ಎತ್ತಿ ಗೋಡೆ ಸೀಳುತ್ತದೆ. ಆದ್ದರಿಂದ ಹೆಪ್ಪು ತಲುಪದಷ್ಟು ಆಳಕ್ಕೆ ತಳಪಾಯ ಇಳಿಸಲೇಬೇಕು: ಚಿಕಾಗೋದಲ್ಲಿ ಸುಮಾರು ಮೂರೂವರೆ ಅಡಿ, ಮಿನ್ನೆಸೋಟದ ಉತ್ತರ ಭಾಗದಲ್ಲಿ ಐದು ಅಡಿ. ಅಷ್ಟು ಅಗೆದ ಮೇಲೆ ಇನ್ನು ನಾಲ್ಕೈದು ಅಡಿ ಅಗೆದರೆ ಒಂದು ಅಂತಸ್ತೇ ದಕ್ಕುತ್ತದೆ. ಹಿಂದೆ ಕಲ್ಲಿದ್ದಲು ಮತ್ತು ಮನೆ ಕಾಯಿಸುವ ಒಲೆಯನ್ನು ಇಡಲು ಅದು ಅನುಕೂಲವೂ ಆಯಿತು. ಅದೇ ದೇಶದ ದಕ್ಷಿಣಕ್ಕೆ ಹೋದರೆ ನೆಲಮಾಳಿಗೆ ಅಪರೂಪ. ಫ್ಲಾರಿಡಾದಲ್ಲಿ ತೂತುತೂತಾದ ಸುಣ್ಣಕಲ್ಲು, ಸ್ವಲ್ಪ ಅಗೆದರೆ ನೀರು. ಡಲ್ಲಾಸ್ ಸುತ್ತ ನಮ್ಮ ಎರೆಮಣ್ಣಿನಂತೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಕಪ್ಪು ಮಣ್ಣು. ಸುಂಟರಗಾಳಿ ಬೀಸುವ ಓಕ್ಲಹೋಮಾದಲ್ಲಿ ನೆಲದಡಿಯ ಕೋಣೆ ಜೀವ ಉಳಿಸಬಲ್ಲದು. ಆದರೂ ಅಲ್ಲಿಯ ಮಣ್ಣು ಮತ್ತು ಖರ್ಚಿನ ಕಾರಣ ಬಹುಪಾಲು ಮನೆಗಳಿಗೆ ನೆಲಮಾಳಿಗೆಯಿಲ್ಲ. 2013ರ ಮೇ 20ರಂದು ಮೂರ್ ಪಟ್ಟಣಕ್ಕೆ ಸುಂಟರಗಾಳಿ ಬಡಿದಾಗ ಈ ಕೊರತೆ ದೊಡ್ಡ ಚರ್ಚೆಯಾಯಿತು. ಭಾವನವರು ನೋಡಿದ್ದು ಮಗನ ಮನೆಯನ್ನು ಮಾತ್ರ, ಆ ದೇಶದ ನೆಲವನ್ನಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ಇರಲಿಲ್ಲ. ನಮ್ಮ ಧಾರವಾಡ, ಗದಗ, ವಿಜಯಪುರದ ಕಡೆಯವರು ತಲೆಮಾರುಗಳ ಕಾಲ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟರು. ಬಾಯಿ ಕಿರಿದು, ಒಡಲು ಅಗಲ, ಒಳಗೆಲ್ಲ ಹುಲ್ಲಿನ ಹೊದಿಕೆ. ವರ್ಷಗಟ್ಟಲೆ ಕಾಳು ಕೆಡದೆ ಉಳಿಯುತ್ತಿತ್ತು. ಮಳೆ ಕಡಿಮೆಯಿರುವ, ಅಂತರ್ಜಲ ಆಳದಲ್ಲಿರುವ ಸೀಮೆಗೆ ಅದು ಒಪ್ಪುವ ಜ್ಞಾನ. ಮಲೆನಾಡಿನ ಹಿರಿಯರು ಭತ್ತವನ್ನು ನೆಲದಿಂದ ಎತ್ತರಿಸಿದ ಮರದ ಪಣತದಲ್ಲಿ ಇಟ್ಟರು; ಮೆಣಸು, ಹುಣಸೆ, ತೆಂಗಿನಕಾಯಿಯನ್ನು ಒಲೆಯ ಹೊಗೆ ತಾಗುವ ಅಟ್ಟಕ್ಕೆ ಏರಿಸಿದರು. ಹಗೇವು ತೋಡುವುದು ಅವರಿಗೆ ತಿಳಿಯದೆ ಅಲ್ಲ. ತೋಡಿದ್ದರೆ ಭತ್ತ ಆಷಾಢದೊಳಗೆ ಮೊಳಕೆಯೊಡೆಯುತ್ತಿತ್ತು. "ನಮ್ಮ ಹಳಬರಿಗೆ ಇಷ್ಟೆಲ್ಲ ಹೊಳೆಯಲಿಲ್ಲ" ಎಂಬ ಮಾತು ಆ ಮನೆಯಲ್ಲಿ ನನ್ನ ಕಿವಿಗೆ ಬಿತ್ತು. ಅದನ್ನು ಕೇಳಿಕೊಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ.

ನಮ್ಮ ನೆಲ ಹೇಗಿದೆ ಎಂಬುದನ್ನು ಬಾವಿ ಇರುವ ಪ್ರತಿಯೊಬ್ಬರೂ ಬಲ್ಲರು. ಬೇಸಿಗೆಯಲ್ಲಿ ಹಗ್ಗ ಸಾಲದ ಬಾವಿಯ ನೀರು ಪುನರ್ವಸು, ಪುಷ್ಯ ಕಳೆಯುವಷ್ಟರಲ್ಲಿ ಕೈಗೆ ಎಟಕುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರಲ್ಲಿ ಹೆಚ್ಚಿನದು ಮೂರು ನಾಲ್ಕು ತಿಂಗಳಲ್ಲೇ. ಈ ನೀರು ರಂಧ್ರಗಳಿರುವ ಜಂಬಿಟ್ಟಿಗೆಯ ಮೂಲಕ ಇಳಿಯುತ್ತದೆ. ಅದರ ಕೆಳಗೆ ಶೇಡಿ ಎಂಬ ನುಣ್ಣನೆಯ, ಜೇಡಿಯಂಥ ಮಣ್ಣಿದ್ದರೆ ಅಲ್ಲಿ ತಡೆದು, ಇಳಿಜಾರಿನ ಕಡೆಗೆ ಅಡ್ಡಡ್ಡ ಹರಿಯುತ್ತದೆ. ಅದರ ದಾರಿಯಲ್ಲಿ ಕಾಂಕ್ರೀಟಿನ ಪೆಟ್ಟಿಗೆ ಹೂತರೆ ನೀರು ಪಕ್ಕದಿಂದಷ್ಟೇ ಅಲ್ಲ, ಅಡಿಯಿಂದಲೂ ತಳ್ಳುತ್ತದೆ. ಒಂದು ಮೀಟರ್ ಎತ್ತರದ ನೀರು ಪ್ರತಿ ಚದರ ಮೀಟರಿಗೆ ಒಂದು ಟನ್ ಒತ್ತಡ ಹಾಕುತ್ತದೆ. 20 ಅಡಿ ಉದ್ದ, 15 ಅಡಿ ಅಗಲದ ಕೋಣೆಯ ಸುತ್ತ ನೀರು ಎರಡು ಮೀಟರ್ ಏರಿದರೆ ಅದರ ನೆಲವನ್ನು ಮೇಲಕ್ಕೆ ನೂಕುವ ಬಲ 55 ಟನ್ನಿನಷ್ಟು. ಬಡಪಾಯಿ ಮೇಸ್ತ್ರಿಯ ಗಿಲಾಯಿ ಇದನ್ನು ತಡೆಯಬೇಕಿತ್ತೆ?

ನೀರು ಒಸರುವುದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಮನೆಯ ಹಿಂದಿನ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ. ಜೆಸಿಬಿಯಿಂದ ನೆಟ್ಟಗೆ ಕಡಿದ ಧರೆ, ಮೇಲೆ ಬೇರು ಹೊರಬಿದ್ದ ಮರಗಳು. ಸಣ್ಣವನಿದ್ದಾಗ ನಮ್ಮ ಕೇರಿಯಲ್ಲಿ ಒಂದು ರಾತ್ರಿ ಧರೆ ಜರಿದು ಕೊಟ್ಟಿಗೆಯನ್ನು ಮುಚ್ಚಿತ್ತು. ಬೆಳಗಿನವರೆಗೂ ದನಗಳ ಕೂಗು ಕೇಳಿಸುತ್ತಿತ್ತು. ಇಂದಿಗೂ ದೊಡ್ಡ ಮಳೆಯ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಭಾವನವರೊಂದಿಗೆ ನಾನು ಸ್ವರವೇರಿಸಿ ಮಾತಾಡಿದ್ದರ ಹಿಂದೆ ಈ ಭಯವಿದೆ.

ಈಗ ನೀರು ತಡೆಯುವ ಪೊರೆಗಳಿವೆ, ರಾಸಾಯನಿಕಗಳಿವೆ, ತಂತ್ರಜ್ಞಾನದಿಂದ ಎಲ್ಲವೂ ಸಾಧ್ಯ ಎಂದು ಕೆಲವರು ಹೇಳುತ್ತಾರೆ. ಸಾಧ್ಯವೆಂಬುದು ನಿಜ, ಸಮುದ್ರದ ಅಡಿಯಲ್ಲೇ ಸುರಂಗ ಕೊರೆದಿದ್ದಾರೆ. ಆದರೆ ಅಂಥ ಕಾಮಗಾರಿಯ ಹಿಂದೆ ಮಣ್ಣಿನ ಪರೀಕ್ಷೆ, ಬಸಿಗಾಲುವೆ, ಸದಾ ಓಡುವ ಪಂಪು, ಅದನ್ನು ಕಾಯುವ ಜನ ಇರುತ್ತಾರೆ. ನಮ್ಮಲ್ಲಿ ಪಂಪು ಬೇಕಾಗುವ ರಾತ್ರಿಯೇ ಮರ ಬಿದ್ದು ತಂತಿ ಹರಿಯುತ್ತದೆ. 1964ರಿಂದ ಲಿಂಗನಮಕ್ಕಿಯಲ್ಲಿ ಶರಾವತಿಯನ್ನು ನಿಲ್ಲಿಸಿಕೊಂಡು ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆಯ ಹಳ್ಳಿಗಳು ಮಳೆಗಾಲದಲ್ಲಿ ದಿನಗಟ್ಟಲೆ ಕತ್ತಲಲ್ಲಿರುತ್ತವೆ. ಈ ನೋವು ಬೇರೆಯೇ. ಆದರೆ ಆ ಕತ್ತಲಲ್ಲಿ ನೆಲದಡಿಯ ಕೋಣೆಯನ್ನು ಪಂಪಿನ ಭರವಸೆಗೆ ಬಿಡುವುದು ಅಪಾಯ. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ನೆಲಮಾಳಿಗೆಗೆ ಮಳೆನೀರು ನುಗ್ಗಿ, ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಮಲೆನಾಡಿನ ಮಳೆಯ ಮುಂದೆ ದೆಹಲಿಯ ಮಳೆ ಎಷ್ಟರದು?

ಇಳಿಜಾರಿನ ಜಾಗದಲ್ಲಿ ಕೆಳಬದಿ ಬಯಲಿಗೆ ತೆರೆದುಕೊಂಡಿದ್ದು, ನೀರು ತಾನಾಗಿ ಹರಿದುಹೋಗುವಂತಿದ್ದರೆ ಮನೆಯಡಿ ಕಾರು ನಿಲ್ಲಿಸಲು ಜಾಗ ಮಾಡಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ನಾಲ್ಕೂ ಕಡೆ ಮಣ್ಣಿನಲ್ಲಿ ಹೂತ ಕೋಣೆಯನ್ನು ಮಾತ್ರ ಕಟ್ಟಬೇಡಿ. ಹೆಚ್ಚು ಜಾಗ ಬೇಕೆಂದರೆ ಮಾಡಿನ ಕೆಳಗೆ ಅಟ್ಟವನ್ನು ಎತ್ತರಿಸಿ. ಅದು ಸೋರಿದರೆ ಹಂಚು ಸರಿಸಿ ಸರಿಪಡಿಸಬಹುದು.

ಬರುವ ಬೇಸಿಗೆಯಲ್ಲಿ ಮನೆ ಕಟ್ಟಲು ಹೊರಟಿರುವ ಸ್ನೇಹಿತರು ಈಗಲೇ, ಮುಂದಿನ ಆಶ್ಲೇಷ ಮಳೆ ಮುಗಿಯುವುದರೊಳಗೆ, ನಿಮ್ಮ ಜಾಗದಲ್ಲಿ ಐದಾರು ಅಡಿಯ ಒಂದು ಗುಂಡಿ ತೆಗೆಸಿ, ದನಕರು ಮಕ್ಕಳು ಬೀಳದಂತೆ ಸುತ್ತ ಬೇಲಿ ಹಾಕಿ, ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಗುರುತು ಮಾಡಿಕೊಳ್ಳಿ. ಆ ಗುರುತನ್ನು ತೋರಿಸಿದ ಮೇಲೆಯೇ ಇಂಜಿನಿಯರಿಂದ ನಕ್ಷೆ ಬರೆಸಿ.