ಅಪ್ಪನ ಫೈಲ್ ಇದೆ, ಅಮ್ಮನದು ಎಲ್ಲಿ?

ಅಪ್ಪನಿಗೆ ಮರೆವಿನ ಕಾಯಿಲೆ ಅಂತ ಗೊತ್ತಾಗಿ ಮೂರು ವರ್ಷ ಆಯ್ತು. ಸ್ಕ್ಯಾನ್, ರಕ್ತಪರೀಕ್ಷೆ, ಮಾತ್ರೆ ಚೀಟಿ ಎಲ್ಲ ಸೇರಿ ಅವರ ಫೈಲು ನಾಲ್ಕು ಬೆರಳು ದಪ್ಪ ಇದೆ. ಹೋದ ತಿಂಗಳು ಅಮ್ಮ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು. ಡಾಕ್ಟರು "ಇವರ ಹಳೇ ರಿಪೋರ್ಟ್ ಕೊಡಿ" ಅಂದಾಗ ನಮ್ಮ ಹತ್ತಿರ ಒಂದು ಹಾಳೆಯೂ ಇರಲಿಲ್ಲ. ಬಿಪಿ 190 ದಾಟಿತ್ತು.

ಮನೆಗೆ ಬಂದು ಅಮ್ಮನ ಮಾತ್ರೆ ಹುಡುಕಿದೆ. ಸಾಸಿವೆ ಡಬ್ಬಿಯ ಹಿಂದೆ ಸಿಕ್ಕಿತು. ಹದಿನೈದು ಮಾತ್ರೆಯ ಸ್ಟ್ರಿಪ್, ತಿಂಗಳಿಡೀ ತಗೊಂಡಿದ್ದು ನಾಲ್ಕೇ. "ಇವರಿಗೆ ಸ್ನಾನ ಮಾಡ್ಸಿ ತಿಂಡಿ ತಿನ್ಸೋಷ್ಟ್ರಲ್ಲಿ ನಂದು ಮರ್ತೇ ಹೋಗತ್ತೆ ಕಣೇ" ಅಂದರು. ಅಪ್ಪನ ಮಾತ್ರೆ ಒಂದು ಹೊತ್ತೂ ತಪ್ಪಿಲ್ಲ.

ಅಪ್ಪ ರಾತ್ರಿ ಎದ್ದು ಬಾಗಿಲು ತೆಗೆದು ಹೊರಟುಬಿಡುತ್ತಾರೆ. ಅದಕ್ಕೇ ಅಮ್ಮ, ಹಿಂದೆ ಕರುವಿನ ಕೊರಳಲ್ಲಿದ್ದ ಗಂಟೆಯನ್ನು ಚಿಲಕಕ್ಕೆ ಕಟ್ಟಿದ್ದಾರೆ. ರಾತ್ರಿಗೆ ಮೂರು ಸಲ, ನಾಲ್ಕು ಸಲ ಅದು ಅಲ್ಲಾಡುತ್ತೆ, ಅಮ್ಮ ಏಳುತ್ತಾರೆ. ಫೋನಲ್ಲಿ ನಾವು ಕೇಳುತ್ತಿದ್ದದ್ದು "ಅಪ್ಪ ಹೇಗಿದಾರೆ?" ಅಂತ ಮಾತ್ರ.

ಅಮೆರಿಕದಲ್ಲಿ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಪಾಲ್ ಆಲಿಸನ್ ಎಂಬಿಬ್ಬರು ಐದು ಲಕ್ಷಕ್ಕೂ ಹೆಚ್ಚು ವೃದ್ಧ ದಂಪತಿಗಳ ಒಂಬತ್ತು ವರ್ಷದ ದಾಖಲೆ ನೋಡಿ 2006ರಲ್ಲಿ ಅಧ್ಯಯನ ಪ್ರಕಟಿಸಿದ್ದರು. ಮರೆವಿನ ಕಾಯಿಲೆಯಿಂದ ಗಂಡ ಆಸ್ಪತ್ರೆ ಸೇರಿದರೆ ಹೆಂಡತಿಯ ಸಾವಿನ ಅಪಾಯ ಶೇಕಡಾ 28ರಷ್ಟು ಏರುತ್ತದೆ. ಹೆಂಡತಿ ಸೇರಿದರೆ ಗಂಡನಿಗೆ ಶೇಕಡಾ 22. ಸೊಂಟದ ಮೂಳೆ ಮುರಿದರೂ ಜೊತೆಗಾರರಿಗೆ ಅಪಾಯ ಹೆಚ್ಚು. ಆದರೆ ಕರುಳಿನ ಕ್ಯಾನ್ಸರ್ ಆದಾಗ ಹೆಚ್ಚುಕಮ್ಮಿ ಏನೂ ವ್ಯತ್ಯಾಸವಿಲ್ಲ! ಅಂದರೆ ಕಾಯಿಲೆ ಎಷ್ಟು ಮಾರಕ ಅನ್ನೋದಲ್ಲ, ಪಕ್ಕದಲ್ಲಿರುವವರನ್ನು ಅದು ದಿನದಿನಕ್ಕೆ ಎಷ್ಟು ಸವೆಸುತ್ತೆ ಅನ್ನೋದು ಲೆಕ್ಕ. ಇದನ್ನು ಓದಿದಾಗ ನನ್ನ ಕಿವಿಯಲ್ಲಿ ಆ ಗಂಟೆಯೇ ಕೇಳುತ್ತಿತ್ತು.

ಊರಲ್ಲೆಲ್ಲ "ಎಂಥ ಸೇವೆ ಮಾಡ್ತಾರೆ, ಪುಣ್ಯಾತ್ಗಿತ್ತಿ" ಅಂತ ಅಮ್ಮನನ್ನು ಹೊಗಳುತ್ತಾರೆ. ಆ ಹೊಗಳಿಕೆ ಮೇಲೇ ನನಗೀಗ ಸಿಟ್ಟು. ಹೊಗಳಿದವರಲ್ಲಿ ಯಾರೂ, ಹೆತ್ತ ಮಗಳು ನಾನೂ, ಒಂದು ರಾತ್ರಿ ಅವರ ಬದಲು ಎದ್ದಿರಲಿಲ್ಲ.

ದಯವಿಟ್ಟು, ಮನೆಯ ಹಿರಿಯರೊಬ್ಬರನ್ನು ಚೆಕಪ್‌ಗೆ ಕರೆದುಕೊಂಡು ಹೋದಾಗ ಜೊತೆಗೆ ಬಂದು ಬೆಂಚಿನ ಮೇಲೆ ಕೂತವರ ಬಿಪಿ, ಶುಗರ್ ಕೂಡ ನೋಡಿಸಿ. ಅವರ ಮಾತ್ರೆ ಸ್ಟ್ರಿಪ್ ಕೈಗೆ ತಗೊಂಡು ಎಣಿಸಿ. ಅವರ ಹೆಸರಲ್ಲೂ ಒಂದು ಫೈಲ್ ಮಾಡಿ.

ಈಗ ಪ್ರತಿ ಶನಿವಾರ ರಾತ್ರಿ, ಒಂದು ವಾರ ನಾನು, ಇನ್ನೊಂದು ವಾರ ನನ್ನ ತಮ್ಮ, ಬಾಗಿಲ ಹತ್ತಿರ ಹಾಸಿಗೆ ಹಾಕುತ್ತೇವೆ. ಮೊನ್ನೆ ಅಮ್ಮ ಒಳಕೋಣೆಯಲ್ಲಿ ಏಳು ಗಂಟೆಯವರೆಗೂ ಮಲಗಿದ್ದರು. ಎದ್ದವರೇ ಗಾಬರಿಯಲ್ಲಿ ಬಂದು ಕೇಳಿದರು: "ರಾತ್ರಿ ಗಂಟೆ ಅಲ್ಲಾಡ್ಲೇ ಇಲ್ವೇನೇ?"

ಐದು ಸಲ ಅಲ್ಲಾಡಿತ್ತು.