ಬಾಕ್ಸ್ ಹೋಯಿತು, ಸೀಟು ಕುಣಿಯಿತು

ಬೈಕಿನ ಹಿಂದಿನ ಬಾಕ್ಸ್ ಬಿಚ್ಚಿದ್ದೇ ತಪ್ಪಾಯಿತು ನೋಡಿ. ಟ್ರಿಪ್ ಮುಗಿಯಿತಲ್ಲ, ದಿನಾ ಆಫೀಸಿಗೆ ಅಷ್ಟು ದೊಡ್ಡ ಡಬ್ಬ ಯಾಕೆ ಅಂತ ಭಾನುವಾರ ಸ್ಪ್ಯಾನರ್ ಹಿಡಿದು ಕೂತೆ. ಬಾಕ್ಸ್ ಬಂತು, ಅದರ ಕೆಳಗಿನ ಪ್ಲೇಟೂ ಬಂತು. ಆಮೇಲೆ ಗೊತ್ತಾಯಿತು, ಸೀಟಿನ ಹಿಂಭಾಗ ಹಿಡಿದಿದ್ದದ್ದೂ ಅದೇ ಎರಡು ಬೋಲ್ಟು!

ಈಗ ಅದನ್ನೇ ವಾಪಸ್ ಹಾಕಿದರೆ ಉದ್ದ ಜಾಸ್ತಿ. ಪ್ಲೇಟಿನ ದಪ್ಪ ಸೇರಿಸಿ ಹಾಕಿದ್ದ ಬೋಲ್ಟು ಅಲ್ವಾ. ತಳ ಮುಟ್ಟಿ ನಿಲ್ಲುತ್ತದೆ, ಬಿಗಿಯಾದಂತೆ ನಾಟಕ ಆಡುತ್ತದೆ, ಸೀಟು ಮಾತ್ರ ಅಲ್ಲಾಡುತ್ತದೆ. ಬಾಕ್ಸ್ ಕೂರಿಸಿದವನು ಹಳೆಯ ಗಿಡ್ಡ ಬೋಲ್ಟು ಕೊಡಲೇ ಇಲ್ಲ. ನಾನೂ ಕೇಳಲಿಲ್ಲ, ಬಿಡಿ.

ಹಾರ್ಡ್‌ವೇರ್ ಅಂಗಡಿಯಲ್ಲಿ '8 ಎಂಎಂ' ಅಂದರೆ 'ಪಿಚ್ ಎಷ್ಟು ಸಾರ್?' ಅಂತಾನೆ. ನನಗೇನು ಗೊತ್ತು? ಮನೆಗೆ ಬಂದು ಬೋಲ್ಟು ಬಿಚ್ಚಿ ಒಯ್ದೆ. ಪಿಚ್ ಅಂದರೆ ಬೋಲ್ಟಿನ ಒಂದು ಸುತ್ತೆಳೆಯಿಂದ ಇನ್ನೊಂದಕ್ಕಿರುವ ಅಂತರವಂತೆ, ಇದರದ್ದು 1.25 ಎಂಎಂ ಅಂತೆ. ಸರಿ, ಅದರಲ್ಲಿ ನನಗೆ ಬೇಕಾದ ಉದ್ದದ್ದು ಇಲ್ಲವಂತೆ! ಸದ್ಯಕ್ಕೆ ಮೂರು ಮೂರು ವಾಷರ್ ಪೇರಿಸಿ ಕೂರಿಸಿದ್ದೇನೆ. ಆದರೂ ಪ್ರತಿ ರೋಡ್ ಹಂಪ್‌ಗೂ ಟಕ್ ಅನ್ನುತ್ತದೆ.

ಹಿಂದೆ ಕೂತ ಹೆಂಡತಿಯದು ಬೇರೆಯೇ ರಾಗ: 'ರೀ, ಆ ಡಬ್ಬ ಇದ್ದಾಗ ಒರಗಿಕೊಳ್ಳೋಕಾದರೂ ಆಗ್ತಿತ್ತು.'